ದೇವರ ಹಿಪ್ಪರಗಿಯಲ್ಲಿ ನಡೆದ ಮ್ಯೂಆನ್ ಪಂಚಾಯ್ತಿ

ಪೆಟ್ಟಿಗೆ ಬಂದ ದಿನ ನಮ್ಮ ಪ್ರಾಚಾರ್ಯರು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, “ಇನ್ವರ್ಟರ್ ಏನ್ರಿ ಮೇಡಮ್ಮಾರ?” ಎಂದು ಕೇಳಿದರು. ಅಲ್ಲ ಎಂದೆ. “ಹಂಗಾರ ಕರೆಂಟ್ ಹೋದಾಗ ಇದು ಏನ್ ಮಾಡ್ತೈತಿ?” ಎಂದರು. ಕರೆಂಟಿನ ಜೊತೆ ಇದೂ ಹೋಗುತ್ತದೆ ಸರ್ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರಿಗೆ ಅದರ ಮೇಲಿದ್ದ ಆಸಕ್ತಿ ಅಲ್ಲಿಗೇ ಮುಗಿಯಿತು. ಕಾಲೇಜಿನ ಹಿಂಭಾಗದಲ್ಲಿ ಮುರಿದ ಬೆಂಚುಗಳನ್ನು ಒಟ್ಟಿದ್ದ, ಮೇಲೆ ತಗಡು ಹೊದಿಸಿದ ಖೋಲಿಯನ್ನು ನನಗೂ ಪೆಟ್ಟಿಗೆಗೂ ಸೇರಿ ಕೊಟ್ಟು ಕೈ ತೊಳೆದುಕೊಂಡರು.

ನಾನು ಮುದ್ದೇಬಿಹಾಳದ ಆ ಕಾಲೇಜಿನಲ್ಲಿ ಭೌತಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತನ್ನು ನಮ್ಮ ಸರಕಾರ ಬಳಸುವ ರೀತಿಯೇ ಬೇರೆ. ಮನೆಗೆ ಬಂದ ಅತಿಥಿಗೆ ಯಾವಾಗ ಹೋಗುತ್ತೀರಿ ಎಂದು ಯಾರೂ ಕೇಳುವುದಿಲ್ಲ, ನಮ್ಮನ್ನು ವರ್ಷಕ್ಕೊಮ್ಮೆ ಕೇಳುತ್ತಾರೆ. ಇರಲಿ, ಅದು ಬೇರೆ ಜಗಳ.

ಪೆಟ್ಟಿಗೆಯ ವಿಷಯ ಹೇಳುತ್ತೇನೆ. ಅದು ಕ್ಯಾಲೊರಿಮೀಟರಿನ ಒಂದು ತುಂಡು. ದೊಡ್ಡ ದೊಡ್ಡ ಯಂತ್ರಗಳಲ್ಲಿ ಕಣಗಳನ್ನು ಡಿಕ್ಕಿ ಹೊಡೆಸುತ್ತಾರಲ್ಲ, ಅಲ್ಲಿಂದ ಸಿಡಿದು ಬಂದ ಕಣ ಎಷ್ಟು ಶಕ್ತಿ ಹೊತ್ತು ಬಂತು ಎಂದು ಅಳೆಯುವ ಉಪಕರಣ. ಅಳೆಯುವ ರೀತಿ ಬಲು ಒರಟು, ಕಣವನ್ನು ಪೂರ್ತಿ ನುಂಗಿಬಿಡುವುದು. ಒಂದು ಉಕ್ಕಿನ ತಗಡು, ಅದರ ಕೆಳಗೊಂದು ಪ್ಲಾಸ್ಟಿಕ್ ಬಿಲ್ಲೆ, ಮತ್ತೆ ಉಕ್ಕು, ಮತ್ತೆ ಪ್ಲಾಸ್ಟಿಕ್ಕು, ಹೀಗೆ ಪದರ ಪದರ. ಉಕ್ಕಿನಲ್ಲಿ ಕಣ ಚೂರಾಗುತ್ತದೆ, ಆ ಚೂರುಗಳು ಹಾದುಹೋದಾಗ ಪ್ಲಾಸ್ಟಿಕ್ಕು ಸ್ವಲ್ಪವೇ ಸ್ವಲ್ಪ ಮಿನುಗುತ್ತದೆ, ಬಿಲ್ಲೆಗೆ ಅಂಟಿಸಿದ ಜೋಳದ ಕಾಳಿನಷ್ಟು ಸೆನ್ಸರು ಆ ಮಿನುಗನ್ನು ಅಂಕಿಯಾಗಿ ಮಾಡುತ್ತದೆ. ಸಣ್ಣ ಊರಿನ ಕಾಲೇಜುಗಳೂ ದೊಡ್ಡ ವಿಜ್ಞಾನದಲ್ಲಿ ಕೈಜೋಡಿಸಲಿ ಎಂಬ ಘನವಾದ ವಿಚಾರ ದೂರದ ಒಂದು ಸಂಶೋಧನಾ ಸಂಸ್ಥೆಗೆ ಹೊಳೆದು, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕಿನ ಒಂದೊಂದು ಕಾಲೇಜಿಗೆ ಒಂದೊಂದು ಪೆಟ್ಟಿಗೆ ಕಳಿಸಿದರು. ಬಿಡಿಬಿಡಿಯಾಗಿ ಬಂದದ್ದನ್ನು ನಾವು ಜೋಡಿಸಬೇಕು, ಚಾಲೂ ಮಾಡಬೇಕು, ಅಳತೆ ಕಟ್ಟಬೇಕು. ಸರಿಯಾದ ಪೆಟ್ಟಿಗೆಗಳು ನಿಜವಾದ ಉಪಕರಣದೊಳಗೆ ಹೋಗುತ್ತವೆ. ಅವುಗಳ ಜೊತೆ ಅವನ್ನು ಕಟ್ಟಿದವರ ಹೆಸರೂ ಪ್ರಯೋಗದ ಹೆಸರುಗಳಲ್ಲಿ ಸೇರುತ್ತದೆ.

ಅಳತೆ ಕಟ್ಟುವುದೆಂದರೆ ಹೀಗೆ. ತಕ್ಕಡಿ ಸರಿಯಿದೆಯೋ ಇಲ್ಲವೋ ನೋಡಲು ತೂಕದ ಕಲ್ಲು ಬೇಕು. ನಮಗೆ ಆ ಕಲ್ಲನ್ನು ಆಕಾಶವೇ ಪುಕ್ಕಟೆಯಾಗಿ ಕೊಡುತ್ತದೆ. ಮೇಲಿಂದ ಮ್ಯೂಆನ್ ಎಂಬ ಕಣಗಳು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತವೆ. ಇವನ್ನು ಮಾತ್ರ ನಮ್ಮ ಉಕ್ಕಿಗೆ ನುಂಗಲಾಗುವುದಿಲ್ಲ. ಛಾವಣಿಯನ್ನೂ ಪೆಟ್ಟಿಗೆಯನ್ನೂ ನಮ್ಮ ತಲೆಯನ್ನೂ ದಾಟಿ ನೆಲದೊಳಗೆ ಹೋಗುತ್ತವೆ, ಹೋಗುವಾಗ ಪ್ರತಿ ಬಿಲ್ಲೆಯಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯ ಶಕ್ತಿ ಬಿಟ್ಟು ಹೋಗುತ್ತವೆ. ಸಾವಿರಾರು ಮ್ಯೂಆನ್ ಹಾದ ಮೇಲೆ ಕಂಪ್ಯೂಟರಿನ ಪರದೆ ಮೇಲೆ ಒಂದು ಗುಡ್ಡ ಏಳುತ್ತದೆ. ಗುಡ್ಡದ ತುದಿ ಯಾವ ಅಂಕಿಯ ಮೇಲೆ ನಿಂತಿತೋ ಅದೇ ಆ ಪೆಟ್ಟಿಗೆಯ ಅಳತೆ. ಆ ಅಂಕಿಯನ್ನು ಬರೆದು ಕಳಿಸುವುದಷ್ಟೇ ನಮ್ಮ ಕೆಲಸ.

ಬಾಗೇವಾಡಿಯ ಪೆಟ್ಟಿಗೆ ನನ್ನ ಸರ್ ಅವರದು. ನನ್ನ ಸರ್ ಎಂದರೆ ನನಗೆ ಡಿಗ್ರಿಯಲ್ಲಿ ಪಾಠ ಹೇಳಿದವರು. ನಾನು ಎಂಎಸ್ಸಿಗೆ ಹೋಗಲಿ ಎಂದು ಮನೆಗೆ ಬಂದು ಅಬ್ಬಾನ ಎದುರು ಕೂತು ಎರಡು ಸಲ ಚಹಾ ಕುಡಿದು ಒಪ್ಪಿಸಿದವರು. ಒಪ್ಪಿಸುವುದರಲ್ಲಿ ಅವರನ್ನು ಮೀರಿಸಿದವರು ಈ ಭಾಗದಲ್ಲಿ ಇಲ್ಲ. ಮಸೂತಿ ಅವರ ಹುಟ್ಟೂರು. ಅಲ್ಲಿ ಬದುವಿನ ತಂಟೆ ಬರಲಿ, ಅಣ್ಣತಮ್ಮಂದಿರ ಪಾಲು ಬರಲಿ, ಸರ್ ಕೂತರೆ ಯಾರೂ ಕೋರ್ಟಿಗೆ ಹೋಗುತ್ತಿರಲಿಲ್ಲ. ಇವರಿಂದ ಒಂದಿಷ್ಟು ಬಿಡಿಸಿ, ಅವರಿಂದ ಒಂದಿಷ್ಟು ಬಿಡಿಸಿ, ಇಬ್ಬರೂ ತಾವೇ ಗೆದ್ದೆವೆಂದು ಮನೆಗೆ ಹೋಗುವಂತೆ ಮಾಡುತ್ತಿದ್ದರು.

ಆ ಬೇಸಿಗೆಗೆ ಸರ್ ನಿವೃತ್ತಿಯಾಗುವವರಿದ್ದರು. ಪೆಟ್ಟಿಗೆ ಬಂದ ದಿನವೇ ಫೋನ್ ಮಾಡಿದರು. ದನಿಯಲ್ಲಿ ಮದುವೆ ಮನೆಯವರ ಸಡಗರ.

“ಮಗಳ, ಇಷ್ಟ ವರ್ಷ ಮ್ಯೂಆನ್ ಹಂಗ ಐತಿ, ಹಿಂಗ ಐತಿ ಅಂತ ಪಾಠಾ ಹೇಳ್ಕೋಂತ ಬಂದೇನಿ. ಒಂದೂ ಕಂಡಿಲ್ಲ ನೋಡು. ಹೋಗೂದ್ರಾಗ ನನ್ನ ಕೈಯಾಗಿಂದ ಒಂದು ಪೆಟಿಗಿ ಆ ಖರೇ ಮಶೀನಿನ್ಯಾಗ ಹೋಗಿ ಕುಂತ್ರ ಸಾಕು. ಮತ್ತೇನ್ ಬ್ಯಾಡ.”

ಇಷ್ಟು ವರ್ಷದಲ್ಲಿ ಅವರು ತಮಗಾಗಿ ಏನನ್ನಾದರೂ ಬೇಕೆಂದದ್ದನ್ನು ನಾನು ಕೇಳಿದ್ದು ಅದೊಂದೇ. ಪ್ರಯೋಗದ ನಿಯಮದಲ್ಲಿ ಸೇವೆಯಲ್ಲಿರುವ ಅಧ್ಯಾಪಕರ ಹೆಸರನ್ನು ಮಾತ್ರ ಸೇರಿಸುತ್ತೇವೆ ಎಂದು ಸ್ಪಷ್ಟವಾಗಿ ಹೇಳಿದ್ದರು. ಮುಂದಿನ ಸರದಿ ಮಳೆಗಾಲ ಕಳೆದ ಮೇಲೆ. ಸರ್‌ಗೆ ಇದ್ದದ್ದು ಇದೊಂದೇ ಸರದಿ.

ಪೆಟ್ಟಿಗೆ ಜೋಡಿಸಿದೆವು, ಆದರೆ ಬೆಳಕು ನಮ್ಮ ಜೀವ ತಿಂದಿತು. ಸೂಜಿಮೊನೆಯಷ್ಟು ಸಂದಿಯಿದ್ದರೂ ಬೆಳಕು ಒಳಗೆ ನುಗ್ಗುತ್ತದೆ, ಸೆನ್ಸರು ಅದನ್ನೇ ಕಣವೆಂದು ತಿಳಿದು ಹುಚ್ಚು ಹಿಡಿದಂತೆ ಎಣಿಸತೊಡಗುತ್ತದೆ. ಸಂಸ್ಥೆಯವರು ಕೊಟ್ಟಿದ್ದ ಕರಿ ಟೇಪು ನಮ್ಮ ಬಿಸಿಲಿಗೆ ಒಣಗಿ ಹಪ್ಪಳದಂತೆ ಎದ್ದು ಬಂತು. ಕೊನೆಗೆ ನಾಲ್ವರೂ ನಾಲ್ಕು ದಾರಿ ಹಿಡಿದೆವು. ಇಂಡಿಯ ಮಾಸ್ತರರು ಕೃಷಿಹೊಂಡಕ್ಕೆ ಹಾಸುವ ದಪ್ಪ ಕರಿ ಹಾಳೆ ತಂದು ಸುತ್ತಿದರು. ಸಿಂದಗಿಯವರು ಕಾಲೇಜಿನ ನಾಟಕದ ಪರದೆಯನ್ನು ಕೆಳಗಿಳಿಸಿ ಹೊದಿಸಿದರು. ಸರ್ ಮಸೂತಿಯಿಂದ ಕರಿ ಕಂಬಳಿ ತರಿಸಿದರು. ನಾನು ಅಮ್ಮಿಯ ಹಳೇ ಬುರ್ಖಾ ಎರಡು ಮಡಿಕೆ ಮಾಡಿ ಹೊದಿಸಿದೆ.

“ಅದಕ್ಕೂ ಪರದಾ ಹಾಕಿದ್ಯಾ? ಹೆಣ್ಣು ಪೆಟಿಗಿ ಏನ ಅದು?” ಎಂದು ಅಮ್ಮಿ ಕೇಳಿದಳು.

“ಹೌದು, ನಿನ್ನಂಗ. ಒಂದೀಟು ಬೆಳಕ ಬಿದ್ರ ಕಿರಿಚಾಡ್ತೈತಿ,” ಎಂದೆ. ಅಮ್ಮಿ ಆ ದಿನ ನನಗೆ ಬಿಸಿ ಚಪಾತಿ ಹಾಕಲಿಲ್ಲ, ತಂಗಳು ರೊಟ್ಟಿ ಕೊಟ್ಟಳು.

ಬೆಳಕು ಹೋಯಿತು ಎನ್ನುವಷ್ಟರಲ್ಲಿ ಕರೆಂಟಿನ ಕಾಟ. ಗುಡ್ಡ ಅರ್ಧ ಎದ್ದಿರುವಾಗ ಲೈನ್ ಹೋಗುತ್ತಿತ್ತು. ಮೋಟಾರಿಗೆ ತ್ರೀ ಫೇಸ್ ಯಾವಾಗ ಬರುತ್ತದೆ ಎಂದು ರೈತರು ಕಾಯುವ ಹಾಗೆ ನಾನೂ ಕಾಯತೊಡಗಿದೆ. ಲೈನ್‌ಮನ್ನಿಗೆ ಎಷ್ಟು ಸಲ ಫೋನ್ ಮಾಡಿದೆನೆಂದರೆ, ಆತ ನನ್ನ ದನಿ ಕೇಳಿದೊಡನೆ, “ಅಕ್ಕಾರ, ನಿಮ್ಮ ಹೊಲ ಯಾವ ಕಡೆ ಬರ್ತೈತ್ರಿ?” ಎನ್ನುತ್ತಿದ್ದ. ಹೊಲವಿಲ್ಲಪ್ಪ, ಆಕಾಶದಿಂದ ಬರುವುದನ್ನು ಎಣಿಸುತ್ತಿದ್ದೇನೆ ಎಂದರೆ, “ಮಳಿ ಏನ್ರಿ? ಈ ವರ್ಷ ಹ್ಯಾಂಗೈತ್ರಿ?” ಎಂದು ಆಸೆಯಿಂದ ಕೇಳುತ್ತಿದ್ದ. ಸುಡುಗಾಡು ಕೆಲಸ ಎಂದು ಬೈದುಕೊಂಡೇ ಮಾಡಿದೆ. ಹಾಗೂ ಹೀಗೂ ಗುಡ್ಡ ಪೂರ್ತಿ ಎದ್ದು ನಿಂತ ದಿನ ಮಾತ್ರ, ಆ ಕುದಿಯುವ ಖೋಲಿಯಲ್ಲಿ ಒಬ್ಬಳೇ ಕೂತು ಸುಮ್ಮನೆ ನೋಡಿದೆ. ಭಾಳ ಖುಷಿಯಾಯಿತು. ನಾನು ಹುಟ್ಟುವ ಮುಂಚಿನಿಂದಲೂ ಸುರಿಯುತ್ತಿದ್ದದ್ದು ಆ ದಿನ ಮೊದಲ ಸಲ ಕಣ್ಣಿಗೆ ಬಿದ್ದಿತ್ತು.

ಗುಡ್ಡದ ತುದಿ ಇನ್ನೂರಾ ಐವತ್ತರ ಮೇಲಿತ್ತು.

ಆ ಹೊತ್ತಿಗೆ ಸರ್ ಅವರದು ಮುನ್ನೂರಾ ಹತ್ತು ಬಂದಿತ್ತು. ಇಂಡಿಯದೂ ಸಿಂದಗಿಯದೂ ಮುನ್ನೂರರ ಮೇಲೆಯೇ, ಸರ್ ಅಂಕಿಯ ಅಕ್ಕಪಕ್ಕ. ನಾನು ಮತ್ತೆ ಅಳೆದೆ, ಬಿಚ್ಚಿ ಜೋಡಿಸಿ ಅಳೆದೆ, ತಲೆ ಕೆಟ್ಟು ಕೆರ ಹಿಡಿಯುವವರೆಗೂ ಅಳೆದೆ. ಇನ್ನೂರಾ ಐವತ್ತು ಬಿಟ್ಟು ಕದಲಲಿಲ್ಲ. ಆಮೇಲೆ ತಂಪಾದ ಒಂದು ಬೆಳಗ್ಗೆ ತುದಿ ತುಸು ಮೇಲೆ ಸರಿದದ್ದು ಕಂಡಿತು, ಮಧ್ಯಾಹ್ನ ಮತ್ತೆ ಇಳಿಯಿತು. ಆಗ ತಿಳಿಯಿತು. ಬಿಸಿಯೇರಿದಂತೆ ಈ ಸೆನ್ಸರು ಮಂದವಾಗುತ್ತದೆ, ಅದೇ ಮ್ಯೂಆನಿಗೆ ಕಡಿಮೆ ಅಂಕಿ ಕೊಡುತ್ತದೆ. ನನ್ನ ಖೋಲಿಯ ತಗಡಿನ ಕೆಳಗೆ ಮನುಷ್ಯರೇ ಮಂದವಾಗುತ್ತಾರೆ. ಕೆಮಿಸ್ಟ್ರಿಯವರಿಂದ ಥರ್ಮಾಮೀಟರ್ ಕೇಳಿ ತಂದು ಪೆಟ್ಟಿಗೆಗೆ ಕಟ್ಟಿ, ಅಂಕಿಯ ಪಕ್ಕದಲ್ಲಿ ಉಷ್ಣಾಂಶವನ್ನೂ ಬರೆಯುತ್ತ ಬಂದೆ.

ಅಷ್ಟರಲ್ಲಿ ಸುದ್ದಿ ಇಂಡಿಗೆ ಮುಟ್ಟಿ, ಇಂಡಿಯಿಂದ ಸಿಂದಗಿಗೆ ಹಬ್ಬಿ, ಮುದ್ದೇಬಿಹಾಳದ ಪೆಟ್ಟಿಗೆ ಕೆಟ್ಟಿದೆ ಎಂದು ತೀರ್ಮಾನವಾಗಿತ್ತು. ಸರ್ ಫೋನ್ ಮಾಡಿ, ನಾಲ್ವರೂ ಒಂದು ಕಡೆ ಕೂಡೋಣ, ದೇವರ ಹಿಪ್ಪರಗಿ ಎಲ್ಲರಿಗೂ ಬಸ್ಸಿಗೆ ಅನುಕೂಲ ಎಂದರು.

ಕೂಡಿದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಖಾನಾವಳಿಯಲ್ಲಿ. ಅವತ್ತು ಸಂತೆ. ಹೊರಗೆ ತೊಗರಿ ಚೀಲದ ಮೇಲೆ ಕೂತವರು, ಒಳಗೆ ಕೋಳಿ ಬಗಲಲ್ಲಿಟ್ಟುಕೊಂಡು ಊಟ ಮಾಡುವವರು. ಮೂಲೆಯ ಟೇಬಲ್ಲಿಗೆ ನಾವು ನಾಲ್ವರು. ಇಂಡಿಯ ಮಾಸ್ತರರು ಎತ್ತರದ ದನಿಯವರು, ಪಿಸುಮಾತು ಅವರಿಗೆ ಬಾರದು. ಸಿಂದಗಿಯವರು ಎಲ್ಲದಕ್ಕೂ ಗೋಣು ಹಾಕುವವರು. ಸರ್ ನಡುವೆ ಕೂತರು. ಅವರು ಕೂತ ಭಂಗಿ ನೋಡಿಯೇ ನನಗೆ ಅನುಮಾನ ಬಂತು. ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಮಸೂತಿಯಲ್ಲಿ ಪಾಲು ಹಂಚಲು ಕೂರುವಾಗ ಹಾಗೇ ಕೂರುತ್ತಿದ್ದರು.

“ನಮ್ಮ ಮೂರೂ ಮುನ್ನೂರರ ಮ್ಯಾಲ ಅದಾವ. ಇವರದೊಂದ ಇನ್ನೂರಾ ಐವತ್ತಂದ್ರ, ಮೇಡಮ್ಮಾರ, ಎಲ್ಲೋ ವಾಯರ್ ಲೂಸ್ ಆಗಿರ್ಬೇಕು ನೋಡ್ರಿ,” ಎಂದು ಇಂಡಿಯವರು ಶುರು ಮಾಡಿದರು. ಪಕ್ಕದ ಟೇಬಲ್ಲಿನವರು ನನ್ನನ್ನು ತಿರುಗಿ ನೋಡಿದರು.

“ವಾಯರ್ ಲೂಸ್ ಆದ್ರ ಅಂಕೀನ ಬರಂಗಿಲ್ರಿ. ನನ್ನ ಖೋಲಿ ಮ್ಯಾಲ ತಗಡ ಐತಿ. ನಿಮ್ಮಿಬ್ಬರ ಪೆಟಿಗಿ ಎಸಿ ಖೋಲ್ಯಾಗ ಕುಂತಾವ. ಸರ್ ಖೋಲಿ ಕಲ್ಲಿಂದು, ತಂಪ ಇರ್ತೈತಿ. ಬಿಸಿ ಆತಂದ್ರ ಸೆನ್ಸರ್ ಇಳೀತೈತಿ, ಅಷ್ಟ.”

“ಬಿಸಲು ನಿಮ್ಮೂರಿಗಷ್ಟ ಐತೇನ್ರಿ? ನಮ್ಮ ಇಂಡಿ ಊರಾಗ ಏನ್ ಬರ್ಫ್ ಬೀಳ್ತೈತಿ?”

ಮಿರ್ಚಿ ಭಜಿ ಬಂತು. ಸಿಂದಗಿಯವರು ಒಂದನ್ನು ಮುರಿದು ಆರಿಸುತ್ತ, “ಹಂಗಲ್ರಿ. ನಾಲ್ಕು ಕಾಲೇಜಿಂದ ನಾಲ್ಕು ನಮೂನಿ ಹೋದ್ರ, ಈ ಕಡೆ ಮಂದಿಗೆ ಅಳೀಲಿಕ್ಕ ಬರಂಗಿಲ್ಲ ಅಂತಾರ್ರಿ. ನಮ್ಮ ಜಿಲ್ಲಾದ ಮರ್ಯಾದಿ ಪ್ರಶ್ನೆ ಐತಿ,” ಎಂದರು. ಇಂಡಿಯವರು ಟೇಬಲ್ ಗುದ್ದಿ ಹೌದೆಂದರು. ಜಿಲ್ಲೆಯ ಮರ್ಯಾದೆ ನನ್ನ ಪೆಟ್ಟಿಗೆಯೊಳಗೆ ಯಾವಾಗ ಹೊಕ್ಕಿತೋ ನನಗೆ ತಿಳಿಯದು.

ಸರ್ ಎಲ್ಲರ ಮಾತನ್ನೂ ಕೇಳಿಸಿಕೊಂಡರು. ನೀರು ಕುಡಿದರು. ಆಮೇಲೆ, ಎಷ್ಟೋ ಮನೆಗಳನ್ನು ಒಡೆಯದೆ ಉಳಿಸಿದ ಅದೇ ಮೆತ್ತಗಿನ ದನಿಯಲ್ಲಿ ಹೇಳಿದರು.

“ನೋಡ್ರಿ, ಯಾರದೂ ಸುಳ್ಳಂತ ನಾ ಅನ್ನಂಗಿಲ್ಲ. ನಾವು ಮೂರೂ ಮಂದಿ ಒಂದೀಟು ಇಳಿಯೂಣು. ಮಗಳ, ನೀ ಒಂದೀಟು ಏರು. ಇನ್ನೂರಾ ತೊಂಬತ್ತು ಅಂತ ನಾಲ್ಕೂ ಮಂದಿ ಬರದು ಕಳಸೂಣು. ಯಾರಿಗೂ ಕಡಿಮಿ ಆಗೂದು ಬ್ಯಾಡ.”

ನಾನು ಕೇಳಿದ್ದು ನಿಜವೇ ಎಂದು ಒಂದು ಕ್ಷಣ ತಿಳಿಯಲಿಲ್ಲ. ಮ್ಯೂಆನು ಎಷ್ಟು ಶಕ್ತಿ ಬಿಟ್ಟುಹೋಗಬೇಕೆಂದು ದೇವರ ಹಿಪ್ಪರಗಿಯ ಖಾನಾವಳಿಯಲ್ಲಿ ತೀರ್ಮಾನವಾಗುತ್ತಿತ್ತು. ಪಿತ್ತ ನೆತ್ತಿಗೇರಿತು.

“ಸರ್, ಇದೇನು ಬದುವಿನ ಕಲ್ಲೇನ್ರಿ, ಕಿತ್ತು ಆ ಕಡೆ ನೆಡಾಕ? ಕಂಡದ್ದನ್ನ ಬರೀರಿ ಅಂತ ನೀವ ಹೇಳಿಕೊಟ್ಟೀರಿ ನನಗ.”

“ಅದು ಪರೀಕ್ಷಾಕ್ಕ ಹೇಳಿದ್ದು ಮಗಳ,” ಎಂದರು ಸರ್. ಅವರು ನಗುತ್ತಿರಲಿಲ್ಲ. “ಇಲ್ಲಿ ನಿನ್ನ ಪೆಟಿಗಿ ಒಂದ ಹಿಂದ ಉಳೀತೈತಿ. ನೀ ಅತಿಥಿ ಅದಿ. ಪೆಟಿಗಿ ತಿರುಗಿ ಬಂತಂದ್ರ ನಾಳೆ ನಿನ್ನ ಕಾಲೇಜ್ನವರು ಅದನ್ನ ಹಿಡಕೊಂಡು ಕುಂದ್ರತಾರ. ಸುಮ್ನಿರು.”

ನಾನು ಸುಮ್ಮನಾದೆ. ಬೇರೆ ಯಾರಾದರೂ ಆ ಮಾತು ಹೇಳಿದ್ದರೆ ಭಜಿಯ ತಾಟು ಎತ್ತಿ ಒಗೆಯುತ್ತಿದ್ದೆನೋ ಏನೋ. ಅಬ್ಬಾನನ್ನು ಒಪ್ಪಿಸಿದ ಮನುಷ್ಯ, ಅವರೆದುರು ಬಾಯಿ ಏಳಲಿಲ್ಲ. ಹುಡುಗಿ ನೋಡಲು ಬಂದಾಗ ಹುಡುಗಿ ಉಭ ಶುಭ ಅನ್ನದಿದ್ದರೆ ನಮ್ಮ ಕಡೆ ಅದನ್ನು ಒಪ್ಪಿಗೆಯೆಂದೇ ಹಿಡಿಯುತ್ತಾರೆ. ಇಂಡಿಯವರೂ ಹಾಗೇ ಹಿಡಿದರು. “ಸುಮ್ನಾದ್ರಂದ್ರ ಒಪ್ಪಿದ್ರು. ಮುಗೀತು,” ಎಂದು ಎದ್ದು ಹೋಗಿ ಪೇಢೆ ತಂದು ಎಲ್ಲರ ಕೈಗೂ ಇಟ್ಟರು. ಮೂವರೂ ಬಾಯಿ ಸಿಹಿ ಮಾಡಿಕೊಂಡರು. ನನ್ನ ಪೇಢೆಯನ್ನು ನಾನು ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಸರ್ ಅದನ್ನು ನೋಡಿದರು.

ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಜಗಳವಾಡಿದೆ, ಎಲ್ಲ ಜಗಳದಲ್ಲೂ ನಾನೇ ಗೆದ್ದೆ. ಮನೆಗೆ ಬಂದು ಅಮ್ಮಿಗೆ ಪೇಢೆ ಕೊಟ್ಟು ನಡೆದದ್ದನ್ನು ಹೇಳಿದೆ. ಅಮ್ಮಿ ಪೇಢೆ ತಿಂದು, “ನಿಮ್ಮ ಸರ್ ಹೇಳಿದ್ರ ಮಾಡಬೇಕವಾ. ಅವರೇನು ನಿನಗ ಕೇಡು ಬಯಸ್ತಾರೇನು?” ಎಂದಳು. ಇಲ್ಲ, ಬಯಸುವುದಿಲ್ಲ. ಅದೇ ತಾಪತ್ರಯ. ಕೇಡು ಬಯಸುವವರಾಗಿದ್ದರೆ ಕೆಲಸ ಎಷ್ಟು ಸುಲಭವಿತ್ತು.

ಮರುದಿನ ಖೋಲಿಗೆ ಹೋಗಿ ಬುರ್ಖಾ ಸರಿಮಾಡಿ, ಮತ್ತೊಮ್ಮೆ ಪರದೆ ನೋಡಿದೆ. ಇನ್ನೂರಾ ತೊಂಬತ್ತರ ಹತ್ತಿರ ಗುಡ್ಡವಿರಲಿಲ್ಲ, ಇಳಿಜಾರಿತ್ತು. ಇನ್ನೂರಾ ಐವತ್ತು ಎಂದೇ ಬರೆದೆ, ಪಕ್ಕದಲ್ಲಿ ಉಷ್ಣಾಂಶ ಬರೆದೆ, ಕಳಿಸಿಬಿಟ್ಟೆ. ನನ್ನ ಪೆಟ್ಟಿಗೆ ಹಾಳಾಗಿ ಹೋಗುವುದಾದರೆ ತನ್ನದೇ ಅಂಕಿಯ ಮೇಲೆ ಹೋಗಲಿ ಎಂದುಕೊಂಡೆ. ಉಳಿದ ಮೂವರೂ ಇನ್ನೂರಾ ತೊಂಬತ್ತು ಬರೆದಿರುತ್ತಾರೆ, ನಾನೊಬ್ಬಳೇ ಒಂಟಿಯಾಗಿ ನಿಲ್ಲುತ್ತೇನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ಸರ್‌ಗೆ ಫೋನ್ ಮಾಡಿ ಹೇಳುವ ಧೈರ್ಯ ಬರಲಿಲ್ಲ.

ಮೇ ತಿಂಗಳ ಬಿಸಿಲಿನಲ್ಲಿ ಸಂಸ್ಥೆಯಿಂದ ಫೋನ್ ಬಂತು. ನಮಗೆ ತರಬೇತಿ ಕೊಟ್ಟಿದ್ದ ವಿಜ್ಞಾನಿ, ದಕ್ಷಿಣದ ಕಡೆಯ ಹೆಣ್ಣುಮಗಳು. ಅವಳು ಮಾತಾಡಿದರೆ ಹಾಲಿಗೆ ಸಕ್ಕರೆ ಹಾಕಿ ಕಲಕುತ್ತಿದ್ದಾಳೆ ಅನ್ನಿಸುತ್ತದೆ.

“ಮೇಡಂ, ನಿಮ್ಮ ಪೆಟ್ಟಿಗೆ ತಗೊಂಡಿದ್ದೀವಿ. ತುಂಬಾ ಚೆನ್ನಾಗಿ ಮಾಡಿದ್ದೀರ.”

“ನಂದು ಭಾಳ ಕಡಿಮಿ ಇತ್ತಲ್ರಿ?”

“ಕಡಿಮೆ ಇದ್ದರೆ ಏನಂತೆ? ಒಂದೊಂದು ಪೆಟ್ಟಿಗೆಗೂ ಅದರದೇ ಅಂಕಿ ಇರುತ್ತೆ, ಅದು ಎಷ್ಟು ಅಂತ ನಿಜವಾಗಿ ಗೊತ್ತಿದ್ದರೆ ಆಯಿತು. ಒಂದನ್ನ ಇನ್ನೊಂದರ ಜೊತೆ ನಾವು ಹೋಲಿಸೋದೇ ಇಲ್ಲ. ನೀವು ಉಷ್ಣಾಂಶ ಬೇರೆ ಬರೆದಿದ್ರಿ, ಅದು ನೋಡಿ ನಮಗೆ ಖುಷಿಯಾಯಿತು.”

ಹೋಲಿಸುವುದೇ ಇಲ್ಲ. ಖಾನಾವಳಿಯಲ್ಲಿ ಜಿಲ್ಲೆಯ ಮರ್ಯಾದೆಗಾಗಿ ನಾವು ತಿಂದ ಭಜಿಯಷ್ಟೇ ಉಳಿದದ್ದು. ನಗು ಬಂತು. ಉಳಿದವರದು ಏನಾಯಿತು ಎಂದು ಕೇಳಿದೆ.

“ಇಂಡಿದೂ ಸಿಂದಗಿದೂ ಆಯಿತು. ಬಾಗೇವಾಡಿದು ಮಾತ್ರ ಆಗಲಿಲ್ಲ ಮೇಡಂ. ಮ್ಯೂಆನ್ ಬಂದಾಗೆಲ್ಲ ಕಂಪ್ಯೂಟರು ತಾನೇ ಒಂದು ದಾಖಲೆ ಇಟ್ಟು ನಮಗೆ ಕಳಿಸುತ್ತೆ, ನಿಮಗೆ ಯಾರಿಗೂ ಅದನ್ನ ಹೇಳಿರಲಿಲ್ಲ. ಅದರಲ್ಲಿ ಮುನ್ನೂರ ಹತ್ತು ಅಂತ ಇದೆ, ತುಂಬಾ ಒಳ್ಳೆಯ ಅಳತೆ. ಸರ್ ಬರೆದಿರೋದು ಇನ್ನೂರ ತೊಂಬತ್ತು. ಎರಡೂ ಹೊಂದದೆ ಇದ್ದರೆ ತಗೊಳ್ಳೋ ಹಾಗಿಲ್ಲ. ಕೈತಪ್ಪಿ ಬರೆದಿರಬೇಕು ಅಂತ ನಾನೇ ಫೋನ್ ಮಾಡಿ ಕೇಳಿದೆ. ‘ಇಲ್ಲ, ತಿಳಿದೇ ಬರೆದದ್ದು’ ಅಂದುಬಿಟ್ಟರು. ಯಾಕೆ ಅಂದರೆ ಹೇಳಲಿಲ್ಲ.”

ನಾನು ಏನು ಹೇಳಿ ಫೋನಿಟ್ಟೆನೋ ನೆನಪಿಲ್ಲ. ನನ್ನ ಪೆಟ್ಟಿಗೆ ಹೋಯಿತೆಂಬ ಸಂತೋಷ ಎಲ್ಲಿ ಹೋಯಿತೋ. ನೇರವಾಗಿ ಇಂಡಿಗೆ ಫೋನ್ ಹಚ್ಚಿದೆ.

“ನೀವು ಎಷ್ಟಂತ ಬರದ್ರಿ?”

“ಇದ್ದಿದ್ದ ಬರದೇನ್ರಿ, ಮತ್ತೇನ್ ಬರೀಲಿ?”

“ಪೇಢೆ ತಂದು ಹಂಚಿದವರು ನೀವ ಅಲ್ಲೇನ್ರಿ?”

“ಅಯ್ಯ ಮೇಡಮ್ಮಾರ, ಪಂಚಾಯ್ತ್ಯಾಗ ಹ್ಞೂಂ ಅಂದಿದ್ದೆಲ್ಲಾ ಮಾಡ್ಕೋಂತ ಹೋದ್ರ ಯಾರ ಹೊಲ ಉಳೀತಾವ್ರಿ? ಹಿರೇರು ಕರದಾರ, ಹ್ಞೂಂ ಅಂದ್ವಿ. ಅವರಿಗೂ ಸಮಾಧಾನ ಆಗಬೇಕಲ್ಲ.”

ಸಿಂದಗಿಯವರು ಇನ್ನೂ ಮೆತ್ತಗೆ ಹೇಳಿದರು. “ನಂದು ಅವತ್ತು ಮುಂಜಾನೇನ ಹೋಗಿಬಿಟ್ಟಿತ್ರಿ. ಬಸ್ ಹತ್ತೂಕಿಂತ ಮೊದ್ಲ ಕಳಿಸಿದ್ದೆ. ಅಲ್ಲಿ ನೋಡಿದ್ರ ಎಲ್ಲಾರೂ ಕೂಡೀರಿ, ಹ್ಯಾಂಗ ಹೇಳ್ಲಿ? ಅಷ್ಟೊತ್ತಿಗೆ ಮಿರ್ಚೀನೂ ಬಂದಿದ್ವು.”

ಬೈಯುವ ಹಕ್ಕು ನನಗಿರಲಿಲ್ಲ. ನಾನೂ ಅವರಂತೆ ಇದ್ದದ್ದನ್ನೇ ಬರೆದಿದ್ದೆ. ಸುಳ್ಳು ಬರೆಯುವ ಪಂಚಾಯ್ತಿಯಲ್ಲಿ ಒಪ್ಪಿದ ನಾಲ್ವರಲ್ಲಿ ಮೂವರು ಸತ್ಯ ಬರೆದು ಉಳಿದುಕೊಂಡೆವು. ಮಾತು ಉಳಿಸಿಕೊಂಡವರು ಒಬ್ಬರೇ.

ಸರ್ ಅವರ ಬೀಳ್ಕೊಡುಗೆಗೆ ಬಾಗೇವಾಡಿಗೆ ಹೋದೆ. ಕಾಲೇಜಿನ ಅಂಗಳದಲ್ಲಿ ಶಾಮಿಯಾನ, ಮೈಕು, ಹಾರ ತುರಾಯಿ. ಶಾಲಿನ ಮೇಲೆ ಶಾಲು ಹೊದಿಸಿ, ಆ ಸೆಕೆಯಲ್ಲಿ ಸರ್ ಅವರನ್ನು ಕಂಬಳಿ ಹೊದ್ದ ಅವರ ಪೆಟ್ಟಿಗೆಯಂತೆಯೇ ಮಾಡಿ ಕೂರಿಸಿದ್ದರು. ಇಂಡಿಯವರು ಮೈಕು ಬೇಡದ ದನಿಯಲ್ಲಿ ಮೈಕು ಹಿಡಿದು ಮಾತಾಡಿದರು. “ಆಡಿದ ಮಾತಿಗೆ ತಪ್ಪಿದವರಲ್ಲ” ಎಂದರು. ಚಪ್ಪಾಳೆ ಬಿತ್ತು. ಆ ಮಾತಿನಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ, ಅದಕ್ಕೇ ನನ್ನ ಮೈ ಉರಿಯಿತು. ಸಿಂದಗಿಯವರು ಪಕ್ಕದಲ್ಲಿ ಕೂತು ಗೋಣು ಹಾಕುತ್ತಿದ್ದರು.

ಭಾಷಣಗಳು ಮುಗಿದು ಊಟಕ್ಕೆ ಎಲೆ ಹಾಕುವ ಗದ್ದಲದಲ್ಲಿ ಸರ್ ನನ್ನನ್ನು ಲ್ಯಾಬಿಗೆ ಕರೆದುಕೊಂಡು ಹೋದರು. ಕಲ್ಲಿನ ಖೋಲಿ ತಣ್ಣಗಿತ್ತು. ಪೆಟ್ಟಿಗೆ ಇದ್ದಲ್ಲೇ ಇತ್ತು. ಸರ್ ಕೊರಳಿನ ಹಾರ ತೆಗೆದು ಸ್ಟೂಲಿನ ಮೇಲಿಟ್ಟು ಕೂತರು.

“ನಿನ್ನ ಪೆಟಿಗಿ ಹೋತೇನು?”

“ಹೋತ್ರಿ ಸರ್. ಹೋದ ವಾರ ಬಂದು ಒಯ್ದ್ರು.”

“ಛಲೋ ಆತು. ಛಲೋ ಆತು ನೋಡು.”

ಅವರು ಮನಸಾರೆ ಅಂದರು. ನನಗೆ ತಡೆಯಲಾಗಲಿಲ್ಲ.

“ನೀವು ಯಾಕ ಹಂಗ ಬರದ್ರಿ ಸರ್? ಅವರಿಬ್ರೂ ಬರೀಲಿಲ್ಲ. ನಾನೂ ಬರೀಲಿಲ್ಲ. ನಿಮಗಷ್ಟ ಏನಾಗಿತ್ತು? ಇದೊಂದ ಬೇಕಾಗಿತ್ತು ನಿಮಗ. ಇದೊಂದ.” ಸಿಟ್ಟಿಗೆ ಬಂದ ಅಳು, ಎರಡನ್ನೂ ಬೇರೆ ಮಾಡಲಾಗಲಿಲ್ಲ.

ಸರ್ ಕನ್ನಡಕ ತೆಗೆದು ಶಾಲಿನ ತುದಿಯಲ್ಲಿ ಒರೆಸಿದರು.

“ಅವರಿಬ್ರೂ ಬರೀತಾರಂತ ತಿಳ್ಕೊಂಡಿದ್ದೆ. ನೀ ಬರಿಯಂಗಿಲ್ಲ ಅಂತ ನನಗ ಅವತ್ತ ಗೊತ್ತಾತು ಮಗಳ. ಪೇಢೆ ತಿನ್ನಲಿಲ್ಲಲ್ಲ ನೀ. ಈಕಿ ಇನ್ನೂರಾ ಐವತ್ತು ಬಿಟ್ಟು ಕದಲಂಗಿಲ್ಲ ಅಂದ್ಕೊಂಡೆ. ಅದಕ್ಕ ನಾವರ ಇಳದ್ರ, ನಿಂದು ಭಾಳ ದೂರ ಕಾಣಂಗಿಲ್ಲ. ಮುನ್ನೂರಾ ಹತ್ತರ ಮುಂದ ಇನ್ನೂರಾ ಐವತ್ತು ಅಂದ್ರ ಕೆಟ್ಟೈತಿ ಅಂತಾರ. ಇನ್ನೂರಾ ತೊಂಬತ್ತರ ಮುಂದ ಆದ್ರ, ಇರ್ಲಿ ನೋಡೂಣು ಅಂತಾರ. ನಿನ್ನನ್ನ ಒಬ್ಬಾಕೀನ ಬಿಟ್ಟು ಬರಬೇಕಿತ್ತೇನು?”

ಹೊರಗೆ ಯಾರೋ ಸರ್ ಎಲ್ಲಿ, ಸರ್ ಇಲ್ಲದೆ ಪಂಕ್ತಿ ಶುರುವಾಗುವಂತಿಲ್ಲ ಎಂದು ಮೈಕಿನಲ್ಲಿ ಕೂಗುತ್ತಿದ್ದರು. ಸರ್ ಏಳಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆಯ ಫಲಿತಾಂಶ ಕೇಳಲು ಬಂದ ಹುಡುಗರ ಕಣ್ಣಲ್ಲಿ ಇರುವುದು ಅವರ ಕಣ್ಣಲ್ಲಿತ್ತು.

“ನನ್ನ ಪೆಟಿಗಿ ಮಾತು ಹೋಗ್ಲಿ. ಒಂದು ಕೇಳ್ತೇನಿ. ನಾ ಇಳದಿದ್ದಕ್ಕ ನಿನಗ ಏನರ ಅನುಕೂಲ ಆತೇನು?”

ಒಂದನ್ನು ಇನ್ನೊಂದರ ಜೊತೆ ಹೋಲಿಸುವುದೇ ಇಲ್ಲ ಎಂದು ಆ ವಿಜ್ಞಾನಿ ಹೇಳಿದ್ದು ಕಿವಿಯಲ್ಲಿ ಇನ್ನೂ ಇತ್ತು. ನಾಲ್ಕು ಊರಿನ ಎದುರು, ನನ್ನ ಗುರುವಿನ ಎದುರು ಒಂದು ಅಂಕಿಯನ್ನೂ ಕದಲಿಸದೆ ನಿಂತವಳು ನಾನು.

“ಆತ್ರಿ ಸರ್,” ಎಂದೆ. “ನಿಮ್ಮದು ಹಂಗ ಇರ್ಲಿಲ್ಲಂದ್ರ ನಂದು ತಿರುಗಿ ಬರ್ತಿತ್ತು. ಸಂಸ್ಥಾದವರ ಹೇಳಿದ್ರು.”

ಸರ್ ಅವರ ಮುಖ ಅರಳಿದ್ದನ್ನು ಕಣ್ಣಾರೆ ನೋಡಿದೆ.

“ಹಂಗಾರ ಅಡ್ಡಿಯಿಲ್ಲ,” ಎಂದು, ಸ್ಟೂಲಿನ ಮೇಲಿದ್ದ ಹಾರ ತಾವೇ ಕೊರಳಿಗೆ ಹಾಕಿಕೊಂಡು, ಊಟಕ್ಕೆ ಎದ್ದರು.